ಒಂದು ಸೂಲು ಸಾಕ್ಷಿಯಲ್ಲ

(ಜಯನಗರದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಮತ್ತು ಮನೆಯವರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆ, ಅದರಲ್ಲೂ ಭಾನುವಾರ ಬೆಳಿಗ್ಗೆ. ಆದರೂ ಇಷ್ಟು ಮಕ್ಕಳು ಎದ್ದು ಬಂದಿದ್ದೀರಿ. ನೋಡಿ ತುಂಬಾ ಖುಷಿಯಾಯಿತು. ಹಿಂದೆ ಕೂತಿರುವ ಅಜ್ಜಿ, ತಾತಂದಿರೇ, ಮುಂದಿನ ಸಾಲಿನಲ್ಲಿ ಕುರ್ಚಿ ಖಾಲಿ ಇದೆ, ದಯವಿಟ್ಟು ಬನ್ನಿ. ಇವತ್ತಿನ ಮಾತು ಮಕ್ಕಳಿಗಷ್ಟೇ ಅಲ್ಲ. ನಿಮಗೂ ಸೇರಿದ್ದು.

ಹ್ಯಾಮ್‌ಸ್ಟರ್ ಅಂದರೆ ಏನು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅಪಾರ್ಟ್‌ಮೆಂಟಿನಲ್ಲಿ ನಾಯಿ ಬೇಡ ಅಂದರು, ಬೆಕ್ಕು ಅಂದರೆ ಅಜ್ಜಿಗೆ ಆಗಲ್ಲ, ಹಾಗಾಗಿ ಹ್ಯಾಮ್‌ಸ್ಟರ್ ಬಂತು. ಬೆಂಗಳೂರಿನ ಎಷ್ಟೋ ಮನೆಗಳ ಕತೆ ಇದೇ. ತಂದದ್ದು ಎರಡು. ಎರಡೂ ಹೆಣ್ಣೇ ಅಂತ ಅಂಗಡಿಯವರು ಆಣೆ ಮಾಡಿದ್ದರು. ತಿಂಗಳು ತುಂಬುವಷ್ಟರಲ್ಲಿ ಪಂಜರದ ಮೂಲೆಯಲ್ಲಿ ಕಣ್ಣು ಬಿಡದ, ಕೂದಲಿಲ್ಲದ ಗುಲಾಬಿ ಬಣ್ಣದ ಮರಿಗಳು! ನಗುತ್ತಿದ್ದೀರಿ. ಅಂದರೆ ನಿಮ್ಮ ಮನೆಯಲ್ಲೂ ಆಗಿದೆ.

ಆ ಮರಿಗಳಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು? ನಾನು ಮಾತಾಡಲು ಬಂದಿರುವುದು ಅಷ್ಟರ ಬಗ್ಗೆಯೇ. ಇಷ್ಟು ಸಣ್ಣ ವಿಷಯಕ್ಕೆ ಒಂದು ಗಂಟೆ ಬೇಕಾ ಅಂತ ಸಂಘಟಕರು ಕೇಳಿದರು. ಬೇಕು. ಯಾಕೆ ಬೇಕು ಅಂತ ಹೇಳುತ್ತೇನೆ.

ನಮ್ಮ ಬೀದಿಯಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಇದ್ದಾಳೆ. ಅವಳ ಹ್ಯಾಮ್‌ಸ್ಟರ್ ಎಂಟು ಮರಿ ಹಾಕಿತು. ಆರು ಹೆಣ್ಣು, ಎರಡು ಗಂಡು. ಇದು ಸರಿಯಾ, ತಪ್ಪಾ ಅಂತ ಅವಳು ಅಂಗಡಿಯಲ್ಲಿ ವಿಚಾರಿಸಿದ್ದಾಳೆ. ಅಲ್ಲಿದ್ದವರು, "ಈ ತಾಯಿ ಬರೀ ಹೆಣ್ಣೇ ಹಾಕೋದು. ವಾಪಸ್ ಕೊಟ್ಟುಬಿಡು, ಬೇರೆ ಕೊಡ್ತೀನಿ" ಅಂದರಂತೆ. ಮನೆಗೆ ಬಂದರೆ ಪಕ್ಕದ ಮನೆಯವರದೂ ಅದೇ ರಾಗ. ಒಬ್ಬರು ಸೌತೆಕಾಯಿ ಜಾಸ್ತಿ ಕೊಟ್ಟಿದ್ದಕ್ಕೆ ಹೀಗಾಯಿತು ಅಂದರು. ಇನ್ನೊಬ್ಬರು ತಳಿಯೇ ಸರಿ ಇಲ್ಲ ಅಂದರು. ಹುಡುಗಿ ಕಣ್ಣು ಒರೆಸಿಕೊಂಡು ನನ್ನ ಹತ್ತಿರ ಬಂದಳು. "ಆಂಟಿ, ಅದರದ್ದೇನು ತಪ್ಪು?" ಅಂತ ಕೇಳಿದಳು.

ನಾನು ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಇಂಥ ಪ್ರಶ್ನೆ ಕೇಳಿದ ಮಗುವಿಗೆ ಅರ್ಧ ಉತ್ತರ ಕೊಟ್ಟು ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೇ ಇವತ್ತು ಇಲ್ಲಿದ್ದೇನೆ. ತಾಯಿಯದ್ದು ಏನೂ ತಪ್ಪಿಲ್ಲ. ತಳಿಯದ್ದೂ ಅಲ್ಲ, ಸೌತೆಕಾಯಿಯದ್ದೂ ಅಲ್ಲ. ಒಂದು ಸೂಲು ಸಾಕ್ಷಿಯಲ್ಲ. ಈ ಮಾತನ್ನು ಇವತ್ತು ಎಷ್ಟು ಸಲ ಹೇಳುತ್ತೇನೋ ಗೊತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಈಗ ಕೈಗೆ ಸ್ವಲ್ಪ ಕೆಲಸ. ಬಾಗಿಲಲ್ಲಿ ಪ್ರತಿಯೊಬ್ಬರಿಗೂ ಎಂಟು ನಾಣ್ಯ ಕೊಟ್ಟಿದ್ದಾರೆ. ಫೋನಿನಲ್ಲೇ ದುಡ್ಡು ಕೊಡುವ ಕಾಲ ಇದು, ಎಂಟು ನಾಣ್ಯ ಯಾರ ಜೇಬಿನಲ್ಲೂ ಇರಲ್ಲ ಅಂತ ನಾವೇ ತಂದೆವು. ಹೋಗುವಾಗ ಡಬ್ಬಿಗೆ ಹಾಕಿ ಹೋಗಿ. ಚೌಕಾಬಾರದ ಕವಡೆ ತರೋಣ ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ಆಸೆಯೇನೋ ಆಯಿತು. ಆದರೆ ಕವಡೆ ಎರಡೂ ಕಡೆ ಸಮವಾಗಿ ಬೀಳಲ್ಲ. ನಾಣ್ಯವೇ ಸರಿ. ಸಿಂಹದ ಕಡೆ ಮೇಲೆ ಬಿದ್ದರೆ ಹೆಣ್ಣು ಮರಿ. ಅಂಕಿ ಬಿದ್ದರೆ ಗಂಡು ಮರಿ. ಎಂಟನ್ನೂ ಕೈಯಲ್ಲಿ ಕುಲುಕಿ, ತೊಡೆಯ ಮೇಲೆ ಹಾಕಿ. ಕುರ್ಚಿ ಕೆಳಗೆ ಹೋದದ್ದನ್ನು ಆಮೇಲೆ ಹುಡುಕೋಣ.

ಆಯಿತಾ? ನಾಲ್ಕು ಹೆಣ್ಣು, ನಾಲ್ಕು ಗಂಡು ಬಂದವರು ಕೈ ಎತ್ತಿ. ಇಷ್ಟೇನಾ? ಎಲ್ಲರಿಗೂ ಅದೇ ಬರುತ್ತದೆ ಅಂದುಕೊಂಡಿದ್ದಿರಿ, ಅಲ್ವಾ? ಈಗ ಒಂದು ಕಡೆ ಐದು, ಇನ್ನೊಂದು ಕಡೆ ಮೂರು ಬಂದವರು. ನೋಡಿ, ಎಷ್ಟು ಕೈ! ಈಗ ಆರು-ಎರಡು, ಏಳು-ಒಂದು, ಇಲ್ಲಾ ಎಂಟೂ ಒಂದೇ. ಮೊದಲು ಎತ್ತಿದವರಷ್ಟೇ ಇದ್ದೀರಿ, ಒಂದೆರಡು ಕೈ ಜಾಸ್ತಿಯೇ ಕಾಣುತ್ತಿದೆ.

ಲೆಕ್ಕ ಹೀಗಿದೆ. ಎಂಟು ನಾಣ್ಯ ಬೀಳಲು ಒಟ್ಟು 256 ದಾರಿ ಇವೆ. ಅದರಲ್ಲಿ ನಾಲ್ಕು-ನಾಲ್ಕು ಬರುವುದು 70 ದಾರಿಯಲ್ಲಿ. ಐದು-ಮೂರು 112ರಲ್ಲಿ. ಆರು-ಎರಡು 56ರಲ್ಲಿ. ಏಳು-ಒಂದು 16ರಲ್ಲಿ. ಎಂಟೂ ಒಂದೇ ಆಗುವುದು ಎರಡು ದಾರಿಯಲ್ಲಿ. ಕೊನೆಯ ಮೂರನ್ನು ಕೂಡಿಸಿ. 74. ನಾಲ್ಕು-ನಾಲ್ಕಕ್ಕಿಂತ ಜಾಸ್ತಿ! ಅಂದರೆ ಎಂಟು ಮರಿಯ ಸೂಲಿನಲ್ಲಿ ಸರಿಸಮ ಬರುವುದಕ್ಕಿಂತ ಆರು-ಎರಡೋ ಅದಕ್ಕೂ ಓರೆಯೋ ಬರುವುದೇ ಒಂದು ತೂಕ ಹೆಚ್ಚು. ಸರಿಯಾಗಿ ಆರು ಹೆಣ್ಣು, ಎರಡು ಗಂಡು ಬರುವುದು ಸುಮಾರು ಒಂಬತ್ತು ಸೂಲಿಗೆ ಒಂದು. ನಮ್ಮ ಬೀದಿಯ ಹುಡುಗಿಗೆ ಬಂದದ್ದು ಇದು. ಇದರಲ್ಲಿ ವಿಚಿತ್ರ ಏನಿದೆ?

ಆಗ ಕೆಲವರು ಹೇಳುತ್ತಾರೆ: "ಒಂದು ಸಲ ಅಲ್ಲ ಮೇಡಂ, ಮೂರು ಸಲವೂ ಹೆಣ್ಣೇ ಜಾಸ್ತಿ." ಸರಿ, ಅದನ್ನೂ ಲೆಕ್ಕ ಹಾಕೋಣ. ಎಂಟರಲ್ಲಿ ಹೆಣ್ಣು ಜಾಸ್ತಿ ಬರುವುದು 256ಕ್ಕೆ 93. ಮೂರು ಸೂಲೂ ಹಾಗೇ ಬರುವುದು ನೂರಕ್ಕೆ ಐದರ ಹತ್ತಿರ. ನೂರು ಮನೆಯಲ್ಲಿ ಹ್ಯಾಮ್‌ಸ್ಟರ್ ಮೂರು ಮೂರು ಸಲ ಮರಿ ಹಾಕಿದರೆ, ಐದು ಮನೆಯಲ್ಲಿ ಸುಮ್ನೆ ಆಕಸ್ಮಿಕವಾಗಿ ಹೀಗಾಗುತ್ತದೆ. ಆ ಐದು ಮನೆಯವರೇ ಫೋನ್ ಮಾಡುವುದು. ಉಳಿದ 95 ಮನೆಯವರಿಗೆ ಹೇಳಲು ಏನೂ ಇರಲ್ಲ, ಅವರು ಮಾತಾಡಲ್ಲ. ಹಾಗಾಗಿ ನಮ್ಮ ಕಿವಿಗೆ ಬೀಳುವುದೆಲ್ಲ ಓರೆ ಸೂಲಿನ ಕತೆಗಳೇ.

ಹಾಗಾದರೆ ನಿಜವಾಗಿಯೂ ಹೆಣ್ಣೇ ಜಾಸ್ತಿ ಹಾಕುವ ತಾಯಿ ಇದ್ದರೆ ಗೊತ್ತಾಗುವುದು ಹೇಗೆ? ನೂರಕ್ಕೆ 50ರ ಬದಲು 55 ಹೆಣ್ಣು ಹುಟ್ಟುತ್ತವೆ ಅಂತ ಇಟ್ಟುಕೊಳ್ಳಿ. ಅದನ್ನು ಹಿಡಿಯಲು 400 ಮರಿ ಎಣಿಸಿದರೂ ಅಂಚಿನಲ್ಲೇ ನಿಂತಿರುತ್ತೀರಿ. ಒಂದು ಹ್ಯಾಮ್‌ಸ್ಟರ್ ತನ್ನ ಜೀವಮಾನದಲ್ಲಿ ಅಷ್ಟು ಮರಿ ಹಾಕಲ್ಲ, ಹಾಕಿಸಲೂ ಬಾರದು. ಅದು ಬದುಕುವುದೇ ಎರಡು, ಎರಡೂವರೆ ವರ್ಷ. ಒಂದು ತಾಯಿಯ ಮೇಲೆ ಈ ಆರೋಪ ಹೊರಿಸುವಷ್ಟು ಸಾಕ್ಷಿ ಯಾರ ಮನೆಯಲ್ಲೂ ಸಿಗಲ್ಲ.

ಇನ್ನು ಜವಾಬ್ದಾರಿಯ ಮಾತು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಗೊತ್ತು. ಹ್ಯಾಮ್‌ಸ್ಟರ್ ನಮ್ಮ ಹಾಗೆಯೇ. ಜೀವಕೋಶದೊಳಗೆ ಗುಣಗಳನ್ನು ಹೊತ್ತ ಎಳೆಗಳಿವೆ, ವರ್ಣತಂತುಗಳು ಅಂತ. ಅವುಗಳಲ್ಲಿ ಲಿಂಗ ತೀರ್ಮಾನಿಸುವವು ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್, ಒಂದು ವೈ. ತಾಯಿ ಕೊಡುವುದು ಯಾವಾಗಲೂ ಎಕ್ಸ್. ತಂದೆಯಿಂದ ಯಾವುದು ಬಂತು ಅನ್ನುವುದರ ಮೇಲೆ ಮರಿ ಗಂಡೋ ಹೆಣ್ಣೋ ಆಗುತ್ತದೆ. ಇದನ್ನು ಕಂಡುಕೊಟ್ಟವರು ಯಾರು ಗೊತ್ತಾ? ನೆಟ್ಟಿ ಸ್ಟೀವನ್ಸ್ ಅನ್ನುವ ಅಮೆರಿಕದ ಹೆಣ್ಣುಮಗಳು, 1905ರಲ್ಲಿ. ಅವರು ನೋಡಿದ್ದು ಹಿಟ್ಟಿನ ಹುಳುವನ್ನು. ನಿಮ್ಮ ಹ್ಯಾಮ್‌ಸ್ಟರ್‌ಗೆ ತಿನ್ನಲು ಒಣಗಿಸಿದ ಹುಳು ಡಬ್ಬಿಯಲ್ಲಿ ಬರುತ್ತದಲ್ಲ, ಅದೇ ಹುಳು! ಹೆಣ್ಣು ಹುಳುವಿನ ಜೀವಕೋಶದಲ್ಲಿ 20 ದೊಡ್ಡ ವರ್ಣತಂತುಗಳು. ಗಂಡಿನಲ್ಲಿ 19 ದೊಡ್ಡವು, ಒಂದು ಪುಟ್ಟದು. ಆ ಪುಟ್ಟದ್ದೇ ವೈ. ಹಾಗಾಗಿ ಗಂಡಿನ ವೀರ್ಯಾಣುಗಳಲ್ಲಿ ಎರಡು ಬಗೆ. ಸೂಕ್ಷ್ಮದರ್ಶಕದಲ್ಲಿ ಆ ಪುಟ್ಟದ್ದನ್ನು ಗಮನಿಸಿದ ಕಣ್ಣಿಗೆ ನಾನು ಕೈ ಮುಗಿಯುತ್ತೇನೆ. 1912ರಲ್ಲಿ, ಐವತ್ತೇ ವರ್ಷಕ್ಕೆ, ಅವರು ತೀರಿಕೊಂಡರು. ಅವರು ಕಂಡುಹಿಡಿದು ನೂರು ವರ್ಷ ದಾಟಿತು. ಈಗಲೂ ನಮ್ಮ ಊರುಗಳಲ್ಲಿ ಎರಡನೇ ಹೆಣ್ಣು ಹುಟ್ಟಿತು ಅಂತ ಸೊಸೆಗೆ ಮುಖ ಗಂಟು ಹಾಕುವವರಿದ್ದಾರೆ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ನನಗೆ ತುಂಬಾ ಇಷ್ಟವಾದ ಕತೆ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ನಿಮ್ಮ ಮನೆಯ ಕಂದು ಬಣ್ಣದ ದೊಡ್ಡ ಹ್ಯಾಮ್‌ಸ್ಟರ್ ಇದೆಯಲ್ಲ, ಸಿರಿಯನ್ ಹ್ಯಾಮ್‌ಸ್ಟರ್, ಅದರ ಮೂಲ ಊರು ಸಿರಿಯಾ ದೇಶದ ಅಲೆಪ್ಪೊ ಸುತ್ತಮುತ್ತ. ಜಾರ್ಜ್ ವಾಟರ್‌ಹೌಸ್ ಅನ್ನುವವರು 1839ರಲ್ಲೇ ಇದನ್ನು ವಿವರಿಸಿ ಹೆಸರಿಟ್ಟಿದ್ದರು. ಆಮೇಲೆ ಎಷ್ಟೋ ಕಾಲ ಅದನ್ನು ಯಾರೂ ಸಾಕಲಿಲ್ಲ.

ಜೆರುಸಲೇಮಿನಲ್ಲಿ ಸಾಲ್ ಆಡ್ಲರ್ ಅನ್ನುವ ವಿಜ್ಞಾನಿ ಇದ್ದರು. ಅವರು ಲೀಷ್ಮೇನಿಯಾ ಅನ್ನುವ ಪರಾವಲಂಬಿ ಜೀವಿಯ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮ ಬಿಹಾರ, ಬಂಗಾಳದಲ್ಲಿ ಕಾಲಾ ಅಜಾರ್ ಅಂತ ಸಾವಿರಾರು ಜನರನ್ನು ಕೊಂದ ಕಾಯಿಲೆಗೆ ಅದೇ ಕಾರಣ. ಪ್ರಯೋಗಕ್ಕೆ ಚೀನಾದ ಹ್ಯಾಮ್‌ಸ್ಟರ್ ತರಿಸಿದ್ದರು. ಅವು ಅಲ್ಲಿ ಮರಿ ಹಾಕಲಿಲ್ಲ. ಈ ಕಡೆಯದ್ದೇ ಒಂದು ಹ್ಯಾಮ್‌ಸ್ಟರ್ ಸಿಕ್ಕಿದರೆ ಚೆನ್ನಾಗಿತ್ತು ಅಂತ ಅವರಿಗೆ ಅನ್ನಿಸಿತು. ಹುಡುಕುವ ಕೆಲಸ ಇಸ್ರೇಲ್ ಅಹರೋನಿ ಅನ್ನುವ ಪ್ರಾಣಿಶಾಸ್ತ್ರಜ್ಞರ ಪಾಲಿಗೆ ಬಂತು.

1930ರ ಏಪ್ರಿಲ್. ಅಲೆಪ್ಪೊ ಹತ್ತಿರ ಒಂದು ಗೋಧಿ ಹೊಲ. ಊರಿನ ಹಿರಿಯರು ಒಪ್ಪಿ, ಆಳುಗಳನ್ನು ಕೊಟ್ಟು, ಅಗೆಯಲು ಬಿಟ್ಟರು. ಬೆಳೆ ನಿಂತಿರುವ ಹೊಲವನ್ನು ಅಗೆಯಲು ಬಿಡುವ ರೈತರು ಎಲ್ಲಿ ಸಿಗುತ್ತಾರೆ ಹೇಳಿ! ಅಗೆದರು, ಅಗೆದರು. ಆಳದಲ್ಲಿ ಗೂಡು ಸಿಕ್ಕಿತು. ಒಂದು ತಾಯಿ, ಜೊತೆಗೆ 11 ಮರಿ. ತಾಯಿ ಸಮೇತ ಪೆಟ್ಟಿಗೆಗೆ ಹಾಕಿದರು. ಬೆದರಿದ ತಾಯಿ ಒಂದು ಮರಿಯನ್ನು ಕಚ್ಚಿ ಕೊಂದಿತು. ಹೆಚ್ಚು ಸಾಯಬಾರದು ಅಂತ ಜೊತೆಗಿದ್ದವರು ತಾಯಿಯನ್ನೇ ಕೊಂದರು. ಈ ಭಾಗ ಹೇಳುವಾಗ ನನಗೆ ಪ್ರತಿ ಸಲವೂ ಸಂಕಟ ಆಗುತ್ತದೆ. ಕಣ್ಣು ಬಿಡದ ಹತ್ತು ಅನಾಥ ಮರಿಗಳನ್ನು ಅಹರೋನಿ ಮತ್ತು ಅವರ ಹೆಂಡತಿ ಕೈಯಾರೆ ಸಾಕಿದರು. ಅಷ್ಟು ಸಣ್ಣ ಮರಿ ಕೈಯಲ್ಲಿ ಬದುಕುವುದು ಎಷ್ಟು ಕಷ್ಟ ಅಂತ ಪ್ರಯತ್ನಪಟ್ಟವರಿಗೆ ಗೊತ್ತು. ಅವು ಬದುಕಿದವು. ಆಮೇಲೆ ಅವನ್ನು ಹೀಬ್ರೂ ವಿಶ್ವವಿದ್ಯಾಲಯದ ಪ್ರಾಣಿಶಾಲೆಗೆ ಕೊಟ್ಟರು. ಅಲ್ಲಿ ಕೆಲವು ಮರದ ಪಂಜರವನ್ನು ಕೊರೆದು ಓಡಿಹೋದವು. ನಿಮ್ಮ ಹ್ಯಾಮ್‌ಸ್ಟರ್ ರಾತ್ರಿಯೆಲ್ಲ ಕಂಬಿ ಕಡಿಯುತ್ತದೆ ಅಂತ ದೂರುತ್ತೀರಲ್ಲ, ಅದು ಅಜ್ಜನ ಕಾಲದಿಂದ ಬಂದ ಅಭ್ಯಾಸ.

ಕೊನೆಗೆ ಬೆರಳೆಣಿಕೆಯಷ್ಟು ಉಳಿದವು. ಎಲ್ಲ ಒಂದೇ ಸೂಲಿನ ಅಣ್ಣ ತಂಗಿಯರು. ಅವುಗಳಿಂದಲೇ ಮರಿ ಆಯಿತು. 1931ರಲ್ಲಿ ಆಡ್ಲರ್ ಕೆಲವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಇಂಗ್ಲೆಂಡಿಗೆ ಒಯ್ದರು. 1938ರಲ್ಲಿ ಅಮೆರಿಕಕ್ಕೂ ಹೋದವು. ಪ್ರಯೋಗಾಲಯದಿಂದ ಮನೆಗಳಿಗೆ ಬಂದವು. ಇವತ್ತು ಜಗತ್ತಿನಲ್ಲಿ ಸಾಕುತ್ತಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಆ ಒಂದು ಗೂಡಿನ ವಂಶ. ಕತ್ರಿಗುಪ್ಪೆಯ ಮನೆಯಲ್ಲಿರುವುದೂ ಅಷ್ಟೇ, ಮಲ್ಲೇಶ್ವರದಲ್ಲಿರುವುದೂ ಅಷ್ಟೇ.

ಈಗ ಗಂಡು ಹೆಣ್ಣಿನ ಲೆಕ್ಕಕ್ಕೆ ಬನ್ನಿ. ಉಳಿದವು ನಾಲ್ಕೇ ಅಂತ ಇಟ್ಟುಕೊಳ್ಳಿ. ನಾಲ್ಕು ನಾಣ್ಯ ಹಾಕಿದರೆ ನಾಲ್ಕೂ ಒಂದೇ ಕಡೆ ಬೀಳುವ ಸಂಭವ ಎಂಟಕ್ಕೆ ಒಂದು. ಎಂಟಕ್ಕೆ ಒಂದು, ಏನು ಕಡಿಮೆಯಾ? ಬರೀ ಹೆಣ್ಣೇ ಉಳಿದಿದ್ದರೆ? ಬರೀ ಗಂಡೇ ಉಳಿದಿದ್ದರೆ? ಕತೆ ಅಲ್ಲಿಗೇ ಮುಗಿಯುತ್ತಿತ್ತು. ಈ ಸಭೆಯೂ ಇರುತ್ತಿರಲಿಲ್ಲ. ಒಂದೇ ಸೂಲಿನಲ್ಲಿ ಅದೃಷ್ಟ ಎಷ್ಟು ದೊಡ್ಡ ಆಟ ಆಡುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಉದಾಹರಣೆ ಗೊತ್ತಿಲ್ಲ. ಅಂದಹಾಗೆ, ಆ ಕಾಡಿನ ಹ್ಯಾಮ್‌ಸ್ಟರ್ ಈಗ ತನ್ನ ಊರಿನಲ್ಲೇ ಅಪಾಯದಲ್ಲಿದೆ. ಹೊಲ ಹಾಳು ಮಾಡುತ್ತದೆ ಅಂತ ವಿಷ ಇಡುತ್ತಾರೆ. ಪಂಜರದಲ್ಲಿ ಲಕ್ಷಗಟ್ಟಲೆ, ನೆಲದಲ್ಲಿ ವಿರಳ.

ಸಮಯ ನೋಡುತ್ತಿದ್ದಾರೆ. ಇನ್ನೂ ಮುಖ್ಯವಾದದ್ದು ಇದೆ.

ಅದೇ 1930ರಲ್ಲಿ ಇಂಗ್ಲೆಂಡಿನಲ್ಲಿ ರೊನಾಲ್ಡ್ ಫಿಶರ್ ಅನ್ನುವ ವಿಜ್ಞಾನಿ ಒಂದು ಪುಸ್ತಕ ಪ್ರಕಟಿಸಿದರು. ಗಂಡು ಹೆಣ್ಣು ಯಾಕೆ ಸಮಸಮ ಹುಟ್ಟುತ್ತವೆ ಅನ್ನುವುದಕ್ಕೆ ಅದರಲ್ಲಿ ಒಂದು ಸೊಗಸಾದ ವಿವರಣೆ ಇದೆ. ಅದಕ್ಕೂ ಮುಂಚೆ 1884ರಲ್ಲಿ ಕಾರ್ಲ್ ಡ್ಯೂಸಿಂಗ್ ಅನ್ನುವ ಜರ್ಮನ್ ವಿಜ್ಞಾನಿ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದರು. ವಿಷಯ ಇಷ್ಟೇ. ಒಂದು ಕಡೆ ಹತ್ತು ಹೆಣ್ಣು, ಎರಡೇ ಗಂಡು ಇವೆ ಅಂದುಕೊಳ್ಳಿ. ಪ್ರತಿ ಹೆಣ್ಣೂ ಎಂಟು ಮರಿ ಹಾಕಿತು. ಒಟ್ಟು 80 ಮರಿ. ಪ್ರತಿ ಮರಿಗೂ ಒಬ್ಬ ತಾಯಿ, ಒಬ್ಬ ತಂದೆ ಇರಲೇಬೇಕು. ಹಾಗಾಗಿ ಒಂದೊಂದು ಗಂಡಿಗೂ 40 ಮರಿ, ಒಂದೊಂದು ಹೆಣ್ಣಿಗೆ ಎಂಟು. ಇಂಥ ಜಾಗದಲ್ಲಿ ಗಂಡು ಹೆತ್ತ ತಾಯಿಗೆ ಐದು ಪಟ್ಟು ಮೊಮ್ಮಕ್ಕಳು! ಗಂಡು ಹೆರುವ ಗುಣ ಇದ್ದರೆ ಅದು ಹರಡುತ್ತದೆ. ಗಂಡು ಹೆಚ್ಚಾಗುತ್ತವೆ. ಹೆಚ್ಚಾದ ಹಾಗೆ ಆ ಲಾಭ ಕರಗುತ್ತದೆ. ಹೆಣ್ಣು ಕಡಿಮೆಯಾದರೆ ಇದೇ ಆಟ ತಿರುಗಿ ನಡೆಯುತ್ತದೆ. ಎರಡೂ ಸಮವಾದಾಗ ಮಾತ್ರ ನಿಲ್ಲುತ್ತದೆ. ಯಾರು ಅಪರೂಪವೋ ಅವರಿಗೆ ಬೆಲೆ. ಯಾರೂ ಮೇಲೆ ಕೂತು ಹಂಚುತ್ತಿಲ್ಲ, ತಾನಾಗಿಯೇ ಸಮ ಆಗುತ್ತದೆ. ಇದನ್ನು ಮೊದಲ ಸಲ ಓದಿದಾಗ ಆದ ಸಂತೋಷ ಇವತ್ತಿಗೂ ಹಾಗೇ ಇದೆ.

ಆದರೆ ಸಮ ಅನ್ನುವುದು ಎಲ್ಲ ಸೂಲನ್ನೂ ಕೂಡಿಸಿ ನೋಡಿದಾಗ. ಒಂದು ಸೂಲು ಸಾಕ್ಷಿಯಲ್ಲ.

ಕೂಡಿಸಿದರೆ ಏನು ಕಾಣುತ್ತದೆ? 1710ರಲ್ಲಿ ಜಾನ್ ಆರ್ಬತ್‌ನಾಟ್ ಅನ್ನುವ ವೈದ್ಯರು ಲಂಡನ್ ನಗರದ ಚರ್ಚುಗಳಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ ಲೆಕ್ಕ ತೆಗೆದರು. 82 ವರ್ಷದ ಲೆಕ್ಕ. ಪ್ರತಿ ವರ್ಷವೂ ಗಂಡುಮಕ್ಕಳೇ ಸ್ವಲ್ಪ ಜಾಸ್ತಿ. ಒಂದು ವರ್ಷವೂ ತಪ್ಪಲಿಲ್ಲ. 82 ಸಲ ನಾಣ್ಯ ಹಾಕಿ 82 ಸಲವೂ ಒಂದೇ ಕಡೆ ಬೀಳಲು ಸಾಧ್ಯವಾ? ಹಾಗಾಗಿ ಇದು ಬರೀ ಆಕಸ್ಮಿಕ ಅಲ್ಲ ಅಂತ ಅವರು ಹೇಳಿದರು. ಅದು ಸರಿ. ಮನುಷ್ಯರಲ್ಲಿ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುವುದು ಸಹಜ. ಮನೆಯಲ್ಲಿ ಎಣಿಸಿದರೆ ಇದು ಕಾಣಲ್ಲ. ಊರೆಲ್ಲ ಎಣಿಸಿದರೆ ಕಾಣುತ್ತದೆ.

ಈಗ ದೊಡ್ಡವರು ಸ್ವಲ್ಪ ಗಮನ ಕೊಟ್ಟು ಕೇಳಿ. 100ಕ್ಕೆ 105 ಅಂದರೆ, 1000 ಗಂಡುಮಕ್ಕಳಿಗೆ 952 ಹೆಣ್ಣುಮಕ್ಕಳು. 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 920ಕ್ಕೂ ಕಡಿಮೆ. ಎಣಿಸಿದ್ದು ಎಂಟು ಮರಿಯನ್ನಲ್ಲ. ಸುಮಾರು 16 ಕೋಟಿ ಮಕ್ಕಳನ್ನು. ಎಂಟರಲ್ಲಿ ಆರು-ಎರಡು ಬಂದರೆ ಅದು ಆಟ. 16 ಕೋಟಿಯಲ್ಲಿ ಇಷ್ಟು ಕೊರತೆ ಬಂದರೆ ಅದು ಆಟವೇ ಅಲ್ಲ. ಅಲ್ಲಿ ಮನುಷ್ಯರ ಕೈ ಇದೆ. ಹುಟ್ಟುವ ಮೊದಲೇ ತೆಗೆಸಿದ್ದು ಇದೆ. ಹುಟ್ಟಿದ ಮೇಲೆ ಸರಿಯಾಗಿ ಊಟ, ಔಷಧಿ ಕೊಡದೆ ಕಳೆದುಕೊಂಡದ್ದು ಇದೆ. 1994ರಲ್ಲಿ ಕಾಯ್ದೆ ಬಂತು, ಭ್ರೂಣದ ಲಿಂಗ ಹೇಳುವುದು ಅಪರಾಧ ಆಯಿತು. ಸ್ಕ್ಯಾನಿಂಗ್ ಸೆಂಟರ್ ಬಾಗಿಲಲ್ಲಿ ಬೋರ್ಡ್ ನೋಡಿರುತ್ತೀರಿ. ಬೋರ್ಡ್ ಯಾಕೆ ಹಾಕಬೇಕಾಯಿತು ಅಂತ ಮಕ್ಕಳು ಕೇಳಿದರೆ ಹೇಳಿ. ಮುಚ್ಚಿಡಬೇಡಿ.

ನನಗೆ ಸಿಟ್ಟು ಬರುವುದು ಇಲ್ಲಿ. ಎಂಟು ಮರಿ ನೋಡಿ ತಾಯಿಯ ಮೇಲೆ ತೀರ್ಪು ಕೊಡುತ್ತೇವೆ. ಎರಡು ಹೆಣ್ಣು ಹುಟ್ಟಿದರೆ ಸೊಸೆಯ ಮೇಲೆ ತೀರ್ಪು ಕೊಡುತ್ತೇವೆ. ಎರಡೂ ಹೆಣ್ಣೇ ಆಗುವುದು ನಾಲ್ಕು ಮನೆಗೆ ಒಂದು. ಅದರಲ್ಲಿ ಸುದ್ದಿ ಏನಿದೆ? ಆದರೆ 16 ಕೋಟಿಯ ಲೆಕ್ಕ ಕಣ್ಣ ಮುಂದೆ ಇದ್ದರೆ, "ಏನೋಪ್ಪ, ಎಲ್ಲ ದೇವರ ಇಚ್ಛೆ" ಅಂತ ಸುಮ್ಮನಾಗುತ್ತೇವೆ. ಸಾಕ್ಷಿ ಇಲ್ಲದ ಕಡೆ ಶಿಕ್ಷೆ. ಸಾಕ್ಷಿ ಇರುವ ಕಡೆ ಮೌನ. ಇದು ತಲೆಕೆಳಗು. ಆ ಏಳನೇ ಕ್ಲಾಸಿನ ಹುಡುಗಿ ಅತ್ತದ್ದು ಹ್ಯಾಮ್‌ಸ್ಟರ್‌ಗಾಗಿ. ಆದರೆ "ಹೆಣ್ಣೇ ಹಾಕುವ ತಾಯಿ, ಬದಲಾಯಿಸು" ಅನ್ನುವ ಮಾತು ಅವಳ ಕಿವಿಗೆ ಬಿತ್ತಲ್ಲ, ಅದು ಬರೀ ಹ್ಯಾಮ್‌ಸ್ಟರ್ ಬಗ್ಗೆ ಆಡಿದ ಮಾತಾಗಿ ಉಳಿಯಲ್ಲ.

ನೀರು ಕುಡಿಯುತ್ತೇನೆ, ಒಂದು ನಿಮಿಷ.

ಹಾಗಾದರೆ ತಾಯಿಗೆ ಏನೂ ಪಾತ್ರ ಇಲ್ಲವಾ? ಇದೆ. ಇದನ್ನು ಮುಚ್ಚಿಟ್ಟರೆ ನಾನು ಪ್ರಾಮಾಣಿಕಳಲ್ಲ. 1986ರಲ್ಲಿ ಅಮೆರಿಕದಲ್ಲಿ ಹಕ್, ಲಾಬೊವ್, ಲಿಸ್ಕ್ ಮತ್ತು ಅವರ ಜೊತೆಗಾರರು ಸಿರಿಯನ್ ಹ್ಯಾಮ್‌ಸ್ಟರ್ ಮೇಲೆ ಪ್ರಯೋಗ ಮಾಡಿದರು. ಕೆಲವು ತಾಯಂದಿರಿಗೆ ಆಹಾರ ಕಡಿಮೆ ಕೊಟ್ಟರು. ಅವುಗಳ ಸೂಲಿನಲ್ಲಿ ಹೆಣ್ಣಿನ ಪಾಲು ಹೆಚ್ಚಾಯಿತು, ಗಂಡು ಮರಿಗಳ ಬೆಳವಣಿಗೆ ಕುಂಠಿತವಾಯಿತು. ಎಳೆಯ ವಯಸ್ಸಿನಲ್ಲಿ ಹಸಿದಿದ್ದ ಹೆಣ್ಣುಗಳಲ್ಲೂ ಮುಂದೆ ಇದರ ಪರಿಣಾಮ ಕಂಡಿತು. 1987ರ ವರದಿಯಲ್ಲಿ ಅದು ಮೂರನೇ ತಲೆಮಾರಿನವರೆಗೂ ಹೋಗಿದ್ದು ದಾಖಲಾಗಿದೆ. ಅಜ್ಜಿಯ ಹಸಿವು ಮೊಮ್ಮಕ್ಕಳ ಲೆಕ್ಕದಲ್ಲಿ! ಇದಕ್ಕೆ ಹಿನ್ನೆಲೆಯಾಗಿ 1973ರಲ್ಲಿ ಟ್ರಿವರ್ಸ್ ಮತ್ತು ವಿಲ್ಲರ್ಡ್ ಅನ್ನುವ ವಿಜ್ಞಾನಿಗಳು ಮುಂದಿಟ್ಟ ಒಂದು ಯೋಚನೆ ಇದೆ. ಬಡಕಲು ಗಂಡು ಮರಿ ದೊಡ್ಡದಾದ ಮೇಲೆ ಪೈಪೋಟಿಯಲ್ಲಿ ಸೋಲುತ್ತದೆ. ಬಡಕಲು ಹೆಣ್ಣಾದರೂ ಹೇಗೋ ಮರಿ ಹಾಕುತ್ತದೆ. ಹಾಗಾಗಿ ಕಷ್ಟಕಾಲದಲ್ಲಿ ತಾಯಿಗೆ ಹೆಣ್ಣೇ ಲಾಭ.

ಆದರೆ ಎರಡು ಮಾತು. ಅವರು ಇದನ್ನು ಕಂಡದ್ದು ಒಂದು ಪಂಜರದಲ್ಲಿ ಒಂದು ಸೂಲು ನೋಡಿ ಅಲ್ಲ. ಹಸಿದವುಗಳ ಗುಂಪು ಬೇರೆ, ಹೊಟ್ಟೆ ತುಂಬಿದವುಗಳ ಗುಂಪು ಬೇರೆ ಇಟ್ಟು, ಎಷ್ಟೋ ಸೂಲು ಕೂಡಿಸಿ ಎಣಿಸಿ. ಎರಡನೆಯದು, ದಯವಿಟ್ಟು ಯಾರೂ ಮನೆಗೆ ಹೋಗಿ ಪ್ರಯೋಗ ಮಾಡಬೇಡಿ. ಬಸುರಿ ಪ್ರಾಣಿಯನ್ನು ಉಪವಾಸ ಹಾಕಬೇಡಿ. ಕಾಳು, ತರಕಾರಿ, ಬೇಯಿಸಿದ ಮೊಟ್ಟೆಯ ಚೂರು, ನೀರು, ಎಲ್ಲ ಧಾರಾಳವಾಗಿ ಕೊಡಿ. ಸೌತೆಕಾಯಿಯೂ ಸ್ವಲ್ಪ ಕೊಡಿ, ಅದು ಯಾರ ಲಿಂಗವನ್ನೂ ಬದಲಾಯಿಸಲ್ಲ.

ಚೀಟಿ ಬಂದಿದೆ, ಇನ್ನು ಹತ್ತು ನಿಮಿಷ ಅಂತೆ. ಬರೆದುಕೊಂಡು ಬಂದದ್ದು ಬಹಳ ಉಳಿಯಿತು. ವುಡ್ ಲೆಮ್ಮಿಂಗ್ ಅಂತ ಉತ್ತರದ ಚಳಿ ಕಾಡುಗಳ ಒಂದು ಪ್ರಾಣಿ, ಹ್ಯಾಮ್‌ಸ್ಟರ್ ಮನೆತನದ್ದೇ. ಅದರಲ್ಲಿ ಮಾತ್ರ ನಿಜವಾಗಿಯೂ ಹೆಣ್ಣು ಬಹಳ ಜಾಸ್ತಿ. ಕೆಲವು ಎಕ್ಸ್ ವರ್ಣತಂತುಗಳು ಬದಲಾಗಿ, ಜೊತೆಯಲ್ಲಿ ವೈ ಇದ್ದರೂ ಮರಿ ಹೆಣ್ಣೇ ಆಗುತ್ತದೆ. ಅದರ ಬಗ್ಗೆಯೇ ಇನ್ನೊಂದು ದಿನ ಮಾತಾಡಬಹುದು.

ಮುಂದಿನ ಸಾಲಿನ ಪುಟ್ಟ ಆಗಲೇ ಕೇಳಿದ: ಬೆಂಗಳೂರಿನಲ್ಲಿ ಈಗ ಸೆಖೆ ಜಾಸ್ತಿ ಆಗಿದೆಯಲ್ಲ, ಅದಕ್ಕೆ ಹೆಣ್ಣು ಜಾಸ್ತಿ ಹುಟ್ಟಬಹುದಾ ಅಂತ. ಒಳ್ಳೆ ಪ್ರಶ್ನೆ ಪುಟ್ಟ. ಮೊಸಳೆಗಳಲ್ಲಿ, ಎಷ್ಟೋ ಆಮೆಗಳಲ್ಲಿ ಬಿಸಿಯಿಂದ ಗಂಡು ಹೆಣ್ಣಿನ ಲೆಕ್ಕ ಬದಲಾಗುತ್ತದೆ. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆ ನೋಡಿದ್ದೀಯಲ್ಲ, ಅದರ ಮೊಟ್ಟೆ ಮಣ್ಣಿನಲ್ಲಿ ಎಷ್ಟು ಬಿಸಿ ಇತ್ತು ಅನ್ನುವುದರ ಮೇಲೆ ಗಂಡೋ ಹೆಣ್ಣೋ ತೀರ್ಮಾನ ಆಗುತ್ತದೆ. ಮೊಸಳೆಗೆ ಎಕ್ಸ್, ವೈ ಇಲ್ಲ. ಹ್ಯಾಮ್‌ಸ್ಟರ್‌ನಲ್ಲಿ ತಂದೆಯ ವೀರ್ಯಾಣು ಸೇರಿದ ಕ್ಷಣದಲ್ಲೇ ತೀರ್ಮಾನ ಮುಗಿದಿರುತ್ತದೆ. ಆದರೆ ಸೆಖೆಗೆ ಹ್ಯಾಮ್‌ಸ್ಟರ್ ಸುಸ್ತಾಗುತ್ತದೆ. ಪಂಜರವನ್ನು ಬಾಲ್ಕನಿ ಬಿಸಿಲಿನಲ್ಲಿ ಇಡಬೇಡ.

ಈಗ ಮನೆಯಲ್ಲಿ ಎಣಿಸುವ ವಿಷಯ. ಹುಟ್ಟಿದ ದಿನವೇ ಎಣಿಸಲು ಹೋಗಬೇಡಿ. ಮೊದಲ ಒಂದು ವಾರ, ಹತ್ತು ದಿನ ಗೂಡಿಗೆ ಕೈ ಹಾಕಬಾರದು. ಬೆದರಿದ ತಾಯಿ ಮರಿಗಳನ್ನು ಕೊಲ್ಲುತ್ತದೆ, ತಿನ್ನುತ್ತದೆ. ಅಲೆಪ್ಪೊದಲ್ಲಿ ಆದದ್ದು ಅದೇ. ಅಂದರೆ ನೀವು ಎಣಿಸುವುದು ಹುಟ್ಟಿದವನ್ನಲ್ಲ, ಉಳಿದವನ್ನು. ಅದಕ್ಕೇ ನೋಟ್‌ಬುಕ್ಕಿನಲ್ಲಿ "ಮೂರು ವಾರದ ವಯಸ್ಸಿಗೆ ಎಣಿಸಿದ್ದು" ಅಂತ ಬರೆಯಿರಿ. ಓರೆ ಬಂದರೂ ಬರೆಯಿರಿ, ಸಮ ಬಂದರೂ ಬರೆಯಿರಿ. ಸಮ ಬಂದದ್ದನ್ನು ಬಿಟ್ಟರೆ ಲೆಕ್ಕ ಕೆಡುತ್ತದೆ. ಹಾಗಂತ ಲೆಕ್ಕಕ್ಕಾಗಿ ಮರಿ ಹಾಕಿಸಬೇಡಿ. ಆ ಮರಿಗಳಿಗೆ ಮನೆ ಹುಡುಕುವುದು ಎಷ್ಟು ಕಷ್ಟ ಅಂತ ನಿಮ್ಮ ಅಮ್ಮಂದಿರು ಹೇಳುತ್ತಾರೆ.

ಇನ್ನೊಂದು, ಇದು ಬಹಳ ಮುಖ್ಯ. ಸಿರಿಯನ್ ಹ್ಯಾಮ್‌ಸ್ಟರ್ ಬಸಿರು ಬರೀ 16 ದಿನ. ಮರಿಗಳು ನಾಲ್ಕೈದು ವಾರಕ್ಕೆಲ್ಲ ತಾವೇ ಮರಿ ಹಾಕಲು ತಯಾರಾಗುತ್ತವೆ, ಅಣ್ಣ ತಂಗಿ ಅಂತ ನೋಡಲ್ಲ. ನಾಲ್ಕು ವಾರದೊಳಗೆ ಗಂಡು, ಹೆಣ್ಣು ಬೇರೆ ಮಾಡಿ. ಆಮೇಲೆ ಇನ್ನೂ ಕೆಲವು ವಾರದಲ್ಲಿ ಒಂದೊಂದಕ್ಕೂ ಒಂದೊಂದು ಪಂಜರ. ದೊಡ್ಡವಾದ ಮೇಲೆ ಅವು ಒಂಟಿಯಾಗಿಯೇ ಇರುವವು. ಎರಡು ಹೆಣ್ಣನ್ನು ಒಟ್ಟಿಗೆ ಇಟ್ಟರೂ ರಕ್ತ ಬರುವ ಹಾಗೆ ಕಾದಾಡುತ್ತವೆ. ಜೊತೆ ಬೇಕು ಅಂತ ಎರಡು ಮಾರುವುದು ಮೊದಲ ತಪ್ಪು, ಗಂಡನ್ನು ಹೆಣ್ಣು ಅಂತ ಮಾರುವುದು ಎರಡನೇ ತಪ್ಪು. ಕುಬ್ಜ ಹ್ಯಾಮ್‌ಸ್ಟರ್ ಇಟ್ಟವರು ಇನ್ನೂ ಹುಷಾರು. ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಬಸಿರಾಗಬಹುದು. ಗಂಡನ್ನು ಮೊದಲೇ ಬೇರೆ ಇಡಿ.

ಗಂಡು, ಹೆಣ್ಣು ಗುರುತಿಸುವುದು ಹೇಗೆ ಅಂತ ತುಂಬಾ ಜನ ಚೀಟಿ ಕೊಟ್ಟಿದ್ದೀರಿ. ಮರಿಯನ್ನು ಅಂಗೈಯಲ್ಲಿ ಹಗುರವಾಗಿ ಹಿಡಿದು ಬಾಲದ ಬುಡ ನೋಡಬೇಕು. ಎರಡು ರಂಧ್ರಗಳ ನಡುವಿನ ಅಂತರ ಹೆಣ್ಣಿನಲ್ಲಿ ಬಹಳ ಕಡಿಮೆ, ಹೆಚ್ಚುಕಮ್ಮಿ ಅಂಟಿಕೊಂಡ ಹಾಗೆ. ಗಂಡಿನಲ್ಲಿ ಅಂತರ ಎದ್ದು ಕಾಣುತ್ತದೆ. ಬೆಳೆದ ಗಂಡಿಗೆ ಹಿಂಭಾಗ ಉಬ್ಬಿರುತ್ತದೆ, ಆಗ ಅನುಮಾನವೇ ಇರಲ್ಲ. ಒಂದೇ ಮರಿ ನೋಡಿದರೆ ಗೊತ್ತಾಗಲ್ಲ, ಎರಡು ಮರಿ ಪಕ್ಕಪಕ್ಕ ಹಿಡಿದು ಹೋಲಿಸಿ. ದೊಡ್ಡ ಚಿತ್ರಗಳನ್ನು ತಂದಿದ್ದೇನೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಹರಡುತ್ತೇನೆ. ಕಾಫಿ ತೆಗೆದುಕೊಂಡು ಅಲ್ಲಿಗೆ ಬನ್ನಿ, ಮೊದಲು ಚಿಕ್ಕವರಿಗೆ ಜಾಗ ಬಿಡಿ. ನಾಣ್ಯ ಡಬ್ಬಿಯೂ ಅಲ್ಲೇ ಇದೆ.